ಊರಿನ ಕಲಾ ಶಾಲೆ ಮೂರನೇ ತಿಂಗಳಿಗೆ ನಿಲ್ಲದಂತೆ ಶುರು ಮಾಡುವುದು ಹೇಗೆ?

ಕೊಪ್ಪಳ, ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯಿಂದ ಪ್ರತಿ ವರ್ಷ ಯಾರಾದರೂ ಫೋನ್ ಮಾಡಿ ಒಂದೇ ಮಾತು ಹೇಳುತ್ತಾರೆ. "ಏಪ್ರಿಲ್‌ನಾಗ ನಲವತ್ತು ಮಕ್ಕಳು ಬಂದಿದ್ರು ಅಕ್ಕಾರ. ಜೂನ್‌ಗೆ ಆರು ಮಂದಿ ಉಳಿದ್ರು. ಈಗ ಬಾಗಿಲು ಹಾಕೀವಿ."

ಇವರೆಲ್ಲ ಬಣ್ಣ ತಂದಿರುತ್ತಾರೆ, ಬೋರ್ಡ್ ಬರೆಸಿರುತ್ತಾರೆ, ಚೆನ್ನಾಗಿ ಚಿತ್ರ ಬರೆಯುವವರೂ ಜೊತೆಗಿರುತ್ತಾರೆ. ಕೆಲಸದ ಕ್ರಮ ಮಾತ್ರ ಹಿಂದುಮುಂದಾಗಿರುತ್ತದೆ. ಕೊಪ್ಪಳದಲ್ಲಿ ನಾವು ಮೊದಲ ಸಲ ಶುರು ಮಾಡಿದಾಗಲೂ ಹೀಗೇ ಆಯಿತು. ಬಾಡಿಗೆಯ ಮುಂಗಡ ಕೊಟ್ಟಾದ ಮೇಲೆ ನಲ್ಲಿ ಎಲ್ಲಿದೆ ಅಂತ ಹುಡುಕಿದೆವು. ನಲ್ಲಿ ಮಹಡಿ ಇಳಿದು ಹಿತ್ತಲಿನಲ್ಲಿತ್ತು. ಆರು ವರ್ಷದ ಮಕ್ಕಳು ಬಣ್ಣದ ನೀರಿನ ಡಬ್ಬಿ ಹಿಡಿದು ಮೆಟ್ಟಿಲು ಇಳಿಯುವುದನ್ನು ನೋಡಿದ ದಿನವೇ ತಾಯಂದಿರು ಹೆದರಿದರು. ಎರಡನೇ ಸಲ ಕ್ರಮ ಬದಲಿಸಿದೆವು. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ದಯವಿಟ್ಟು ಹಂತ ದಾಟಿ ಮುಂದೆ ಹೋಗಬೇಡಿ.

ಹಂತ 1: ಶುರು ಮಾಡುವ ತಿಂಗಳು

ಏಪ್ರಿಲ್ ಬೇಡ. ಬೇಸಿಗೆ ರಜೆಯಲ್ಲಿ ಮಕ್ಕಳು ಬರುವುದು ಮನೆಯಲ್ಲಿ ಗಲಾಟೆ ಕಡಿಮೆಯಾಗಲಿ ಅಂತ. ಅವರಲ್ಲಿ ಎಷ್ಟೋ ಮಂದಿ ಅಜ್ಜಿ ಊರಿಗೆ ಬಂದವರು, ಮೇ ಕೊನೆಗೆ ವಾಪಸ್ ಹೋಗುವವರು. ಜೂನ್ ಬಂತೆಂದರೆ ಹೊಸ ಪುಸ್ತಕ, ಯೂನಿಫಾರ್ಮ್, ಟ್ಯೂಷನ್. ಅದರ ಜೊತೆಗೆ ನಮ್ಮ ಕಡೆಯ ಬಿಸಿಲು. 40 ಡಿಗ್ರಿ ದಾಟಿದ ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ ಮಗು ಕೂರುವುದಿಲ್ಲ, ತಟ್ಟೆಯಲ್ಲಿ ಹಾಕಿದ ಬಣ್ಣವೂ ಹತ್ತು ನಿಮಿಷ ನಿಲ್ಲುವುದಿಲ್ಲ.

ಜೂನ್ ಕೊನೆಗೆ ಶುರು ಮಾಡಿ. ಅಷ್ಟರಲ್ಲಿ ಶಾಲೆಯ ವೇಳಾಪಟ್ಟಿ, ಟ್ಯೂಷನ್ ಸಮಯ ಎಲ್ಲ ಗೊತ್ತಾಗಿರುತ್ತದೆ. ಅದೇ ಹೊತ್ತಿಗೆ ಮಣ್ಣೆತ್ತಿನ ಅಮಾವಾಸ್ಯೆಯೂ ಬರುತ್ತದೆ. ಹಬ್ಬಕ್ಕೆ ಎರಡು ದಿನ ಮುಂಚೆ ಗುಡಿಯ ಕಟ್ಟೆಯಲ್ಲೋ ಸಮುದಾಯ ಭವನದ ಅಂಗಳದಲ್ಲೋ ಒಂದು ಸಂಜೆ ಎಲ್ಲರನ್ನೂ ಕರೆಯಿರಿ. ಫೀ ಬೇಡ, ಭಾಷಣ ಬೇಡ. ಹದ ಮಾಡಿದ ಮಣ್ಣಿಡಿ. ಎತ್ತು ಮಾಡುವುದನ್ನು ಅಜ್ಜಿಯರೇ ಹೇಳಿಕೊಡಲಿ. ದೊಡ್ಡವರೂ ಮಕ್ಕಳೂ ಒಟ್ಟಿಗೆ ಕೂತು ಕೈ ಕೆಸರು ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲ.

ಆ ಸಂಜೆ ನಿಮಗೆ ಬೇಕಾದ ಮುಖ್ಯ ಸಾಮಾನು ಒಂದು ನೋಟ್‌ಬುಕ್. ಹೆಸರು, ವಯಸ್ಸು, ಯಾವ ಓಣಿ, ಟ್ಯೂಷನ್ ಯಾವ ಹೊತ್ತಿಗೆ, ಕರೆತರುವವರು ಯಾರು ಅಂತ ಬರೆದುಕೊಳ್ಳಿ. ಕೊನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದಿಲ್ಲ. ಆದರೆ ಮಗು ಕ್ಲಾಸ್ ಬಿಡುವುದಕ್ಕೆ ನಾನು ಜಾಸ್ತಿ ಕಂಡ ಕಾರಣ ಅದೇ: ಕರೆತರುವವರಿಗೆ ಆ ಹೊತ್ತು ಹೊಂದುವುದಿಲ್ಲ.

ಹದಿನೈದು ಹೆಸರೂ ಸಿಗಲಿಲ್ಲವೇ? ಜಾಗ ಹಿಡಿಯಬೇಡಿ. ಆಷಾಢದ ಮಂಗಳವಾರ ಮಣ್ಣಿನಲ್ಲಿ ಮಾಡಿ ಪೂಜಿಸುವ ಗುಳ್ಳವ್ವನ ನೆಪದಲ್ಲಿ ಇನ್ನೊಂದು ಸಂಜೆ ಬೇರೆ ಓಣಿಯಲ್ಲಿ ಕರೆಯಿರಿ.

ಹಂತ 2: ಜಾಗ ನೋಡುವುದು

ಜಾಗ ನೋಡಲು ಹೋಗುವಾಗ ಬಾಡಿಗೆ ಎಷ್ಟು ಅಂತ ಕೊನೆಗೆ ಕೇಳಿ. ಮೊದಲು ನಾಲ್ಕು ಸಂಗತಿ ನೋಡಿ.

ಒಂದು, ನೀರು. ನಲ್ಲಿ ಅದೇ ಮಹಡಿಯಲ್ಲಿ, ಕೋಣೆಯಿಂದ ಹತ್ತು ಹೆಜ್ಜೆ ಒಳಗೆ ಇರಬೇಕು. ದಿನ ಬಿಟ್ಟು ದಿನ ನೀರು ಬರುವ ಓಣಿಯಾದರೆ ಡ್ರಮ್ ಇಡಲು ಸ್ಥಳ ಬೇಕು. ತೊಳೆದ ನೀರು ಹೋಗುವ ಮೋರಿ ಯಾವುದು ಅಂತಲೂ ಕೇಳಿ. ಮಣ್ಣು ಮತ್ತು ಪೋಸ್ಟರ್ ಬಣ್ಣದ ನೀರನ್ನು ನೇರ ಸಿಂಕಿಗೆ ಸುರಿದರೆ ಎರಡೇ ತಿಂಗಳಲ್ಲಿ ಪೈಪ್ ಕಟ್ಟಿಕೊಳ್ಳುತ್ತದೆ, ಮಾಲೀಕರ ಜೊತೆ ಜಗಳ ಶುರುವಾಗುತ್ತದೆ. ಮೂರು ಬಕೆಟ್ ಸಾಲಾಗಿ ಇಡಿ. ಮೊದಲನೆಯದರಲ್ಲಿ ಕೈ ಮತ್ತು ಬ್ರಷ್ಷಿನ ದಪ್ಪ ಕೊಳೆ ತೊಳೆಯಬೇಕು, ಎರಡನೆಯದರಲ್ಲಿ ಮತ್ತೆ ಅದ್ದಬೇಕು, ಮೂರನೆಯದು ಸ್ವಚ್ಛ ನೀರು. ಮೊದಲ ಬಕೆಟನ್ನು ರಾತ್ರಿಯಿಡೀ ಬಿಟ್ಟರೆ ಮಣ್ಣು ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ನೀರನ್ನು ಮಾತ್ರ ಮೋರಿಗೆ ಬಿಡಿ.

ಎರಡು, ನೆಲ. ಹಳೆ ಮನೆಗಳ ಶಹಾಬಾದ್ ಕಲ್ಲಿನ ನೆಲ ನಮ್ಮ ಕೆಲಸಕ್ಕೆ ಬಹಳ ಒಳ್ಳೆಯದು. ಒದ್ದೆಯಾದರೂ ಅಷ್ಟಾಗಿ ಜಾರುವುದಿಲ್ಲ, ಬಣ್ಣ ಬಿದ್ದರೆ ಒರೆಸಿದರಾಯಿತು. ನುಣುಪು ಟೈಲ್ಸ್ ಇದ್ದರೆ ಪ್ಲಾಸ್ಟಿಕ್ ಅಕ್ಕಿ ಚೀಲಗಳನ್ನು ಬಿಚ್ಚಿ, ಒಂದಕ್ಕೊಂದು ಹೊಲಿದು ಹಾಸಿ, ಅಂಚುಗಳನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ. ಗಂಗಾವತಿ ಕಡೆ ಇಂಥ ಚೀಲಗಳಿಗೆ ಬರವಿಲ್ಲ. ಟೇಬಲ್, ಕುರ್ಚಿ ಮೊದಲ ವರ್ಷ ಬೇಡವೇ ಬೇಡ. ಮಕ್ಕಳು ನೆಲದ ಮೇಲೆ ಕೂತು ಪರೀಕ್ಷೆಯ ಪ್ಯಾಡ್ ಮೇಲೆ ಬರೆಯಲಿ. ಕೆಳಗೆ ಕೂರಲು ಆಗದ ದೊಡ್ಡವರಿಗೆ ನಾಲ್ಕೈದು ಕುರ್ಚಿ ಸಾಕು.

ಮೂರು, ಬೆಳಕು. ಸಂಜೆ ನಾಲ್ಕಕ್ಕೆ ಹೋಗಿ ನೋಡಿ, ಬೆಳಿಗ್ಗೆ ನೋಡಿ ಒಪ್ಪಬೇಡಿ. ಪಶ್ಚಿಮಕ್ಕೆ ಮಾತ್ರ ಕಿಟಕಿಯಿದ್ದರೆ ಬಿಸಿಲು ನೇರ ಹಾಳೆಯ ಮೇಲೆ ಬೀಳುತ್ತದೆ, ಕಣ್ಣು ಕುಕ್ಕುತ್ತದೆ, ಬಣ್ಣ ಸರಿಯಾಗಿ ಕಾಣುವುದಿಲ್ಲ. ಉತ್ತರದ ಕಿಟಕಿಯಿದ್ದರೆ ದಿನವಿಡೀ ಬೆಳಕು ಸಮನಾಗಿರುತ್ತದೆ. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡಗಡೆಯಿಂದ ಬರುವಂತೆ ಕೂರಿಸಿ, ಇಲ್ಲದಿದ್ದರೆ ತಮ್ಮ ಕೈಯ ನೆರಳಲ್ಲೇ ಬರೆಯಬೇಕಾಗುತ್ತದೆ.

ನಾಲ್ಕು, ಶೌಚಾಲಯ. ಒಳಗೆ ಚಿಲಕ, ನೀರು, ಬೆಳಕು ಇರಬೇಕು. ದಾರಿ ಬೇರೆಯವರ ಮನೆಯೊಳಗಿಂದ ಹಾದುಹೋಗಬಾರದು. ಹೆಣ್ಣುಮಕ್ಕಳನ್ನು ಕಳಿಸುವ ತಾಯಿ ಚಿತ್ರ ನೋಡುವುದಕ್ಕೂ ಮೊದಲು ಇದನ್ನೇ ನೋಡುತ್ತಾಳೆ.

ಈ ನಾಲ್ಕೂ ಸರಿಯಿದ್ದು ಗೋಡೆಯ ಬಣ್ಣ ಹೋಗಿದ್ದರೆ ಒಪ್ಪಿಕೊಳ್ಳಿ. ಸರ್ಕಾರಿ ಶಾಲೆಯ ಒಂದು ಕೋಣೆ ಭಾನುವಾರಕ್ಕೆ ಸಿಗುತ್ತದೆಯೇ ಅಂತ ಮುಖ್ಯೋಪಾಧ್ಯಾಯರನ್ನೂ ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರನ್ನೂ ಕೇಳಿ. ಸಿಕ್ಕರೆ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಮುಖ್ಯೋಪಾಧ್ಯಾಯರ ವರ್ಗಾವಣೆಯ ಜೊತೆಗೇ ಹೋಗಿಬಿಡುತ್ತದೆ.

ಹಂತ 3: ಬ್ಯಾಚ್ ಮಾಡುವುದು

ಐದರಿಂದ ಏಳು ವರ್ಷ ಒಂದು ಬ್ಯಾಚ್, ಎಂಟರಿಂದ ಹನ್ನೆರಡು ಇನ್ನೊಂದು, ದೊಡ್ಡವರದು ಮೂರನೆಯದು. ಹದಿಮೂರು ದಾಟಿದವರನ್ನು ಎಲ್ಲಿ ಕೂರುತ್ತೀರಿ ಅಂತ ಅವರನ್ನೇ ಕೇಳಿ. ನಮ್ಮಲ್ಲಿ ಬಹುತೇಕರು ದೊಡ್ಡವರ ಜೊತೆ ಕೂತರು, ಚೆನ್ನಾಗಿಯೂ ಕಲಿತರು. ಮೂರು–ನಾಲ್ಕು ವರ್ಷದ ಮಕ್ಕಳನ್ನು ಮೊದಲ ವರ್ಷ ತೆಗೆದುಕೊಳ್ಳಬೇಡಿ. ಒಬ್ಬ ಮಗುವಿಗೆ ಒಬ್ಬರು ಬೇಕಾಗುತ್ತಾರೆ.

ವಯಸ್ಸಿನ ಮೇಲೆ ಯಾಕಿಷ್ಟು ಒತ್ತು? ಆರು ವರ್ಷದ ಮಗು ಮನೆಗಿಂತ ಅಪ್ಪನನ್ನು ದೊಡ್ಡದಾಗಿ ಬರೆದು ಖುಷಿಪಡುತ್ತದೆ. ಒಂಬತ್ತು–ಹತ್ತರ ಹೊತ್ತಿಗೆ ಅದೇ ಮಗು "ಇದು ಎಮ್ಮೆ ಥರ ಕಾಣಂಗಿಲ್ಲ" ಅಂತ ಹಾಳೆ ಹರಿಯುತ್ತದೆ. ಚಿತ್ರ ಬರೆಯುವುದನ್ನು ಪೂರ್ತಿ ಬಿಟ್ಟುಬಿಡುವವರು ಜಾಸ್ತಿ ಈ ವಯಸ್ಸಿನಲ್ಲೇ ಬಿಡುತ್ತಾರೆ. ಆ ಮಗುವಿಗೆ ನೋಡಿ ಬರೆಯುವ ಉಪಾಯ ಹೇಳಿಕೊಡಬೇಕು. ಆರು ವರ್ಷದ ಮಗುವಿಗೆ ಅದನ್ನು ಹೇಳಿಕೊಟ್ಟರೆ ಅದರ ಕೈ ಕಟ್ಟಿದಂತೆ. ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಿದರೆ ಒಬ್ಬರಿಗೆ ಬೇಸರ, ಇನ್ನೊಬ್ಬರಿಗೆ ಅವಮಾನ.

ಚಿಕ್ಕವರಿಗೆ ಒಂದು ಗಂಟೆ, ಹತ್ತು ಮಂದಿ. ನಡುವಿನವರಿಗೆ ಒಂದೂವರೆ ಗಂಟೆ, ಹನ್ನೆರಡು ಮಂದಿ. ಹದಿಮೂರನೆಯವರು ಬಂದರೆ ಕಾಯುವ ಪಟ್ಟಿಗೆ ಹಾಕಿ. "ಒಬ್ಬರೇ ಅಲ್ವಾ, ಸೇರಿಸಿಕೊಳ್ಳಿ" ಅನ್ನುವವರು ವಾರಕ್ಕೆ ನಾಲ್ಕು ಜನ ಬರುತ್ತಾರೆ.

ಹಂತ 4: ಕಲಿಸುವವರು ಮತ್ತು ಮಕ್ಕಳ ಸುರಕ್ಷತೆ

ಚೆನ್ನಾಗಿ ಚಿತ್ರ ಬರೆಯುವವರೆಲ್ಲ ಮಕ್ಕಳಿಗೆ ಕಲಿಸಲಾರರು. ಸಂದರ್ಶನ ಮಾಡುವ ಬದಲು ಒಂದು ಕ್ಲಾಸ್ ಕೊಟ್ಟು ಹಿಂದೆ ಕೂತು ನೋಡಿ. ಮಗುವಿನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ತಾವೇ ತಿದ್ದುತ್ತಾರೆಯೇ? ಹಾಗಿದ್ದರೆ ಬೇಡ. ತೋರಿಸಲೇಬೇಕಾದರೆ ಬೇರೆ ಹಾಳೆಯಲ್ಲಿ ತೋರಿಸಬೇಕು. ಮಗುವಿನ ಹಾಳೆ ಮಗುವಿನದು. ಈ ಒಂದು ನಿಯಮಕ್ಕೆ ನಾನು ಯಾರಿಗೂ ವಿನಾಯಿತಿ ಕೊಡುವುದಿಲ್ಲ.

ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಬೇಕು, ಅವರಲ್ಲಿ ಒಬ್ಬರು ಹೆಂಗಸಾಗಿದ್ದರೆ ಒಳ್ಳೆಯದು. ಬಾಗಿಲು ತೆರೆದೇ ಇರಲಿ. ಒಂದು ಮಗುವನ್ನು ಒಬ್ಬರೇ ಕೂರಿಸಿಕೊಂಡು "ಸ್ಪೆಷಲ್ ಕ್ಲಾಸ್" ಮಾಡುವಂತಿಲ್ಲ. ಮಗುವನ್ನು ಕರೆದೊಯ್ಯಲು ಯಾರು ಬರಬಹುದು ಅಂತ ಹೆಸರು ಬರೆಸಿಕೊಳ್ಳಿ, ಬಂದವರ ಸಹಿ ತೆಗೆದುಕೊಳ್ಳಿ. ಮಕ್ಕಳ ಫೋಟೋವನ್ನು ತಂದೆತಾಯಿಯ ಒಪ್ಪಿಗೆ ಇಲ್ಲದೆ ವಾಟ್ಸ್ಆ್ಯಪ್ ಸ್ಟೇಟಸ್‌ಗೂ ಹಾಕಬೇಡಿ.

2012ರ ಪೋಕ್ಸೊ ಕಾಯ್ದೆಯ ಪ್ರಕಾರ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ ತಿಳಿಸುವುದು ಕರ್ತವ್ಯ. ಮುಚ್ಚಿಟ್ಟರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098 ಅನ್ನು ಮಕ್ಕಳ ಕಣ್ಣೆತ್ತರಕ್ಕೆ ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ. ಮಗುವಿನ ಚಿತ್ರದಲ್ಲಿ ಅಂಥ ದೌರ್ಜನ್ಯದ ಸುಳಿವು ಇದ್ದಂತೆ ನಿಮಗೆ ಅನಿಸಬಹುದು. ಆಗ ಎಲ್ಲರ ಮುಂದೆ ಪ್ರಶ್ನೆ ಹಾಕಬೇಡಿ. ನೀವೇ ಅರ್ಥ ಕಟ್ಟಿ ಓಣಿಗೆಲ್ಲ ಹೇಳಲೂ ಬೇಡಿ. 1098ಕ್ಕೆ ಕರೆ ಮಾಡಿ ಏನು ಮಾಡಬೇಕು ಅಂತ ಕೇಳಿ.

ಹಂತ 5: ದುಡ್ಡಿನ ಲೆಕ್ಕ

ಉಚಿತವಾಗಿ ನಡೆಸುತ್ತೇವೆ ಅಂತ ಶುರು ಮಾಡಿದವರು ಬೇಗ ದಣಿಯುತ್ತಾರೆ. ಪೂರ್ತಿ ಫೀ ಮೇಲೆ ನಿಂತರೆ ಕೂಲಿ ಮಾಡುವವರ ಮಕ್ಕಳು ಬಾಗಿಲಲ್ಲೇ ಉಳಿಯುತ್ತಾರೆ. ಊರಿನ ಶಾಲೆ ಅಂದಮೇಲೆ ಎರಡೂ ಆಗಬಾರದು. ನಾವು ಕಂಡುಕೊಂಡ ದಾರಿ, ದೊಡ್ಡವರ ಫೀ ಮಕ್ಕಳ ಫೀಯನ್ನು ಹೊರುವುದು.

ಒಂದು ಮಾದರಿ ಲೆಕ್ಕ ನೋಡಿ. ತಿಂಗಳ ಬಾಡಿಗೆ 4,000 ರೂಪಾಯಿ. ಮಕ್ಕಳ ಎರಡು ಬ್ಯಾಚಿಗೆ ವಾರಕ್ಕೊಂದು ಕ್ಲಾಸ್, ದೊಡ್ಡವರಿಗೆ ವಾರಕ್ಕೆರಡು, ಒಟ್ಟು ತಿಂಗಳಿಗೆ 16 ಕ್ಲಾಸ್. ಕ್ಲಾಸಿಗೆ 400ರಂತೆ ಕಲಿಸುವವರಿಗೆ 6,400. ಮೂವತ್ತು ಮಂದಿಗೆ ತಲಾ 100 ರೂಪಾಯಿಯ ಸಾಮಾನು ಅಂದರೆ 3,000. ಕರೆಂಟು, ನೀರು, ಕಸ ಗುಡಿಸುವವರ ಕೂಲಿ 1,600. ಒಟ್ಟು 15,000. ಹತ್ತು ಮಂದಿ ದೊಡ್ಡವರು 900ರಂತೆ ಕೊಟ್ಟರೆ 9,000. ಇಪ್ಪತ್ತು ಮಕ್ಕಳಲ್ಲಿ ನಾಲ್ವರಿಗೆ ಉಚಿತ, ಹದಿನಾರು ಮಕ್ಕಳಿಂದ 400ರಂತೆ 6,400. ಬಂದದ್ದು 15,400. ನಿಮ್ಮ ಊರಿನ ಬಾಡಿಗೆ, ಕೂಲಿ ಹಾಕಿ ಇದನ್ನು ಮತ್ತೆ ಬರೆಯಿರಿ. ಲೆಕ್ಕ ಕೂಡದಿದ್ದರೆ ಬ್ಯಾಚ್ ತುಂಬಿಸುವ ಬದಲು ಅಗ್ಗದ ಜಾಗ ಹುಡುಕಿ.

ಉಚಿತ ಸೀಟು ಯಾರದ್ದು ಅನ್ನುವುದು ಇಬ್ಬರಿಗೆ ಮಾತ್ರ ಗೊತ್ತಿರಲಿ. ಆ ಮಗುವಿಗೆ ಬೇರೆ ಬಣ್ಣದ ಕಾರ್ಡು, ಬೇರೆ ಸಾಮಾನು ಕೊಡಬೇಡಿ. ಫೀಯನ್ನು ತಿಂಗಳಿಗೊಮ್ಮೆ ಕೇಳುವುದಕ್ಕಿಂತ ಎಂಟು ವಾರಕ್ಕೊಮ್ಮೆ ತೆಗೆದುಕೊಳ್ಳುವುದು ಒಳ್ಳೆಯದು. ತಿಂಗಳ ಕೊನೆ ಬಂದಾಗಲೆಲ್ಲ ಬಿಡೋಣವೇ ಅನ್ನುವ ಯೋಚನೆ ಬರುವುದಿಲ್ಲ.

ಹಂತ 6: ಸಾಮಾನು

ಇಲ್ಲಿ ದುಡ್ಡು ಪೋಲಾಗುವುದು ಜಾಸ್ತಿ. ಇಪ್ಪತ್ತನಾಲ್ಕು ಬಣ್ಣದ ಪೆಟ್ಟಿಗೆ, ಸ್ಕೆಚ್ ಪೆನ್, ಮಿನುಗುವ ಗ್ಲಿಟರ್ ಯಾವುದೂ ಬೇಡ. ಹಸಿರು ಸಿದ್ಧವಾಗಿ ಸಿಕ್ಕರೆ ಮಗು ಹಸಿರನ್ನು ಬೆರೆಸಲು ಕಲಿಯುವುದೇ ಇಲ್ಲ.

ಪೋಸ್ಟರ್ ಬಣ್ಣದಲ್ಲಿ ಐದು ಸಾಕು: ಹಳದಿ, ಕೆಂಪು, ನೀಲಿ, ಬಿಳಿ, ಕಪ್ಪು. ದೊಡ್ಡ ಬಾಟಲಿಯಲ್ಲಿ ತನ್ನಿ. ಡಬ್ಬಿಯ ಮೇಲೆ ವಿಷರಹಿತ ಅಂತ ಬರೆದಿದೆಯೇ ನೋಡಿ. ಹೋಳಿಯ ಬಣ್ಣದ ಪುಡಿಯನ್ನು ನೀರಿಗೆ ಕಲಸಿ ಕೊಡುವವರನ್ನು ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಅದರಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಮಕ್ಕಳ ಬೆರಳು ಬಾಯಿಗೆ ಹೋಗುತ್ತಲೇ ಇರುತ್ತದೆ.

ಬ್ರಷ್‌ನಲ್ಲಿ ದುಂಡನೆಯ 4 ಮತ್ತು 8ನೇ ನಂಬರ್, ಚಪ್ಪಟೆಯ 12ನೇ ನಂಬರ್. ಪೆನ್ಸಿಲ್ 2ಬಿ ಮತ್ತು 6ಬಿ. ಎಚ್‌ಬಿ ಗಟ್ಟಿ, ಮಕ್ಕಳು ಒತ್ತಿ ಹಾಳೆ ತೂತು ಮಾಡುತ್ತಾರೆ. ಬಣ್ಣ ಹಾಕಿಕೊಳ್ಳಲು ಹಳೆಯ ಇಡ್ಲಿ ತಟ್ಟೆಗಿಂತ ಒಳ್ಳೆಯದಿಲ್ಲ. ಒಂದೊಂದು ಗುಳಿಗೆ ಒಂದೊಂದು ಬಣ್ಣ. ಅದು ಮತ್ತೆ ಅಡುಗೆಮನೆಗೆ ಹೋಗದಂತೆ ಹಿಂದೆ ಗುರುತು ಕೆತ್ತಿ. ನೀರಿಗೆ ಅಗಲ ತಳದ ಡಬ್ಬಿ. ಎತ್ತರದ ಲೋಟ ಇಟ್ಟರೆ ಪ್ರತಿ ಕ್ಲಾಸಿನಲ್ಲೂ ಎರಡು ಸಲ ಉರುಳುತ್ತದೆ.

ಹಾಳೆಯ ವಿಷಯದಲ್ಲಿ ಜಿಪುಣತನ ಮಾಡಿದರೆ ಕೆಲಸ ಕೆಡುತ್ತದೆ. ಜೆರಾಕ್ಸ್ ಹಾಳೆ 70–80 ಜಿಎಸ್ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ) ಇರುತ್ತದೆ, ಒದ್ದೆ ಬ್ರಷ್ ತಾಗಿದರೆ ಸುಕ್ಕಾಗಿ ಹರಿಯುತ್ತದೆ. ಮಗು ಅದನ್ನು ತನ್ನ ತಪ್ಪು ಅಂದುಕೊಳ್ಳುತ್ತದೆ. ಪೆನ್ಸಿಲ್, ಕ್ರೇಯಾನ್‌ಗೆ 130–150ರ ಡ್ರಾಯಿಂಗ್ ಹಾಳೆ, ಬಣ್ಣಕ್ಕೆ 200, ದೊಡ್ಡವರ ಜಲವರ್ಣಕ್ಕೆ 300 ಜಿಎಸ್ಎಂ ತನ್ನಿ. ಚಿಕ್ಕ ಮಕ್ಕಳಿಗೆ ಎ3 ಅಳತೆ ಕೊಡಿ. ಭುಜದಿಂದ ಕೈ ಬೀಸಿ ಬರೆಯುವ ವಯಸ್ಸು ಅದು, ಎ4ರಲ್ಲಿ ಮುದುಡಿಕೊಳ್ಳುತ್ತಾರೆ.

ಬಳ್ಳಾರಿ ಕಡೆ ಜೀನ್ಸ್ ಹೊಲಿಯುವಲ್ಲಿ ಉಳಿಯುವ ತುಂಡು ಬಟ್ಟೆ ಕೇಳಿ ತನ್ನಿ. ಕೊಲಾಜ್‌ಗೆ, ಅಂದರೆ ತುಂಡುಗಳನ್ನು ಅಂಟಿಸಿ ಮಾಡುವ ಚಿತ್ರಕ್ಕೆ, ನೀಲಿಯ ಹತ್ತು ಬಗೆ ಸಿಗುತ್ತವೆ. ಅಂಟಿಸಲು ಹುಣಸೆಬೀಜದ ಅಂಟನ್ನು ನೀವೇ ಮಾಡಬಹುದು. ಹುರಿದು ಸಿಪ್ಪೆ ತೆಗೆದ ಬೀಜವನ್ನು ರಾತ್ರಿ ನೆನೆಸಿ, ನುಣ್ಣಗೆ ರುಬ್ಬಿ, ನೀರು ಹಾಕಿ ಗಂಟಾಗದಂತೆ ತಿರುವುತ್ತಾ ಕುದಿಸಿ. ಕೊಪ್ಪಳ ಹತ್ತಿರದ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವವರೂ ಹುಣಸೆಬೀಜದ ಅಂಟನ್ನೇ ಬಳಸುತ್ತಾರೆ. ಎರಡು ದಿನಕ್ಕಿಂತ ಜಾಸ್ತಿ ಇಟ್ಟರೆ ವಾಸನೆ ಬರುತ್ತದೆ, ಬೇಕಾದಷ್ಟೇ ಮಾಡಿ.

ಆಯಿಲ್ ಪೇಂಟಿಂಗ್ ಮಕ್ಕಳಿಗೆ ಬೇಡ. ದೊಡ್ಡವರಿಗೂ ಮೊದಲ ವರ್ಷ ಬೇಡ. ಟರ್ಪೆಂಟೈನ್‌ಗೆ ಬೆಂಕಿ ಬೇಗ ಹತ್ತುತ್ತದೆ, ಅದರ ಆವಿ ಮುಚ್ಚಿದ ಕೋಣೆಯಲ್ಲಿ ತಲೆನೋವು ತರುತ್ತದೆ. ಇನ್ನೊಂದು ಅಪಾಯ ಹಲವರಿಗೆ ಗೊತ್ತೇ ಇಲ್ಲ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಳಗೇ ಕಾವು ಏರಿ ತಾನಾಗಿ ಹೊತ್ತಿಕೊಳ್ಳಬಹುದು. ನಮ್ಮ ಬೇಸಿಗೆಯಲ್ಲಂತೂ ಇನ್ನಷ್ಟು ಎಚ್ಚರ ಬೇಕು. ಅಂಥ ಬಟ್ಟೆಯನ್ನು ನೀರಲ್ಲಿ ಮುಳುಗಿಸಿ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಡಬೇಕು.

ಹಂತ 7: ಮೊದಲ ಎಂಟು ವಾರ

ಎಂಟರಿಂದ ಹನ್ನೆರಡು ವರ್ಷದವರಿಗೆ ನಾವು ಮಾಡುವ ಕ್ರಮ ಇದು. ಚಿಕ್ಕವರಿಗೆ ಇದನ್ನೇ ಸಡಿಲ ಮಾಡಿ.

ಮೊದಲ ಎರಡು ವಾರ ಬಣ್ಣ ತೆಗೆಯಬೇಡಿ, ರಬ್ಬರನ್ನೂ ಕೊಡಬೇಡಿ. ರಬ್ಬರ್ ಕೈಯಲ್ಲಿದ್ದರೆ ಮಗು ಒಂದು ಗಂಟೆಯಲ್ಲಿ ಅರ್ಧ ಗಂಟೆ ಅಳಿಸುತ್ತಲೇ ಕೂರುತ್ತದೆ. ಗೆರೆ ತಪ್ಪಾದರೆ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆಯಲಿ. ಮೊದಲ ವಾರ ಇದ್ದಿಲಿನಿಂದ ದೊಡ್ಡ ಹಾಳೆಯಲ್ಲಿ ಬರೀ ಗೆರೆ: ಮಳೆಯ ಗೆರೆ, ನೇಗಿಲು ಹೊಡೆದ ಹೊಲದ ಗೆರೆ, ಅಜ್ಜಿಯ ಕೈಯ ಗೆರೆ. ಎರಡನೇ ವಾರ ತಂಬಿಗೆ, ಈರುಳ್ಳಿ, ಚಪ್ಪಲಿ ಎದುರಿಗಿಟ್ಟು ನೋಡಿ ಬರೆಯುವುದು. ಬರೆಯುವುದಕ್ಕಿಂತ ಜಾಸ್ತಿ ಹೊತ್ತು ವಸ್ತುವನ್ನೇ ನೋಡಬೇಕು ಅನ್ನುವುದು ಆ ದಿನದ ಪಾಠ.

ಮೂರನೇ ವಾರ ಬಣ್ಣ ಬೆರೆಸುವುದು. ಹಳದಿಯನ್ನು ಮೊದಲು ಹಾಕಿ, ಅದಕ್ಕೆ ನೀಲಿಯನ್ನು ಕಾಳಿನಷ್ಟು ಸೇರಿಸಲಿ. ನೀಲಿ ಮೊದಲು ಹಾಕಿದರೆ ಹಸಿರು ಮಾಡಲು ಹಳದಿಯ ಅರ್ಧ ಬಾಟಲಿ ಖಾಲಿಯಾಗುತ್ತದೆ. ಕಪ್ಪನ್ನು ಆ ವಾರ ಬಚ್ಚಿಡಿ. ಗದ್ದೆಯ ಹಸಿರು, ಬೇವಿನ ಚಿಗುರಿನ ಹಸಿರು, ಜಾಲಿಯ ಹಸಿರು ಅಂತ ಮೂರನ್ನು ಬೇರೆಬೇರೆ ಮಾಡಲು ಹೇಳಿ. ಒಂದು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಎಲ್ಲರ ಹಾಳೆಯೂ ಕಂದು ಕೆಸರಾಗುತ್ತಿದ್ದರೆ ಬ್ರಷ್ ತೊಳೆಯದೆ ಅದ್ದುತ್ತಿದ್ದಾರೆ ಅಂತ ಅರ್ಥ. ಮಧ್ಯದಲ್ಲೇ ನಿಲ್ಲಿಸಿ ಎಲ್ಲರ ನೀರು ಬದಲಿಸಿ.

ನಾಲ್ಕನೇ ವಾರ ಹೊರಗೆ ಕರೆದೊಯ್ಯಿರಿ. ದೂರ ಬೇಡ, ಓಣಿಯ ಕಟ್ಟೆಯೇ ಸಾಕು. ಇಟಗಿಯ ಮಹಾದೇವ ದೇವಾಲಯ, ಕೊಪ್ಪಳದ ಕೋಟೆ, ಹಿರೇಬೆಣಕಲ್ಲಿನ ಕಲ್ಲುಗಳು ಎಲ್ಲ ಮುಂದಿನ ವರ್ಷಕ್ಕಿರಲಿ. ಬಸ್ಸು, ಊಟ, ಬಿಸಿಲು ನೋಡಿಕೊಳ್ಳುವುದರಲ್ಲೇ ನಿಮ್ಮ ಶಕ್ತಿ ಹೋಗುತ್ತದೆ. ಮುಂದೆ ಹೋದಾಗಲೂ ಹಳೆಯ ಕೆತ್ತನೆ, ಶಾಸನದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಲು ಬಿಡಬೇಡಿ. ಎದುರು ಕೂತು ನೋಡಿ ಬರೆಯಲಿ.

ಐದನೇ ವಾರ ಮಣ್ಣಿನ ಕೆಲಸ, ಅದನ್ನು ಕೆಳಗೆ ಬೇರೆಯಾಗಿ ಹೇಳಿದ್ದೇನೆ. ಆರನೇ ವಾರ ಬೆಂಡೆಕಾಯಿ, ಹೀರೆಕಾಯಿ, ಎಲೆಗಳಿಂದ ಅಚ್ಚು ಒತ್ತುವುದು. ತರಕಾರಿ ಕೊಯ್ಯುವುದು ದೊಡ್ಡವರು ಮಾತ್ರ. ಏಳನೇ ವಾರ ಅರ್ಧಕ್ಕೆ ಬಿಟ್ಟದ್ದನ್ನು ಮುಗಿಸುವುದು. ಎಂಟನೇ ವಾರ ಹಗ್ಗ ಕಟ್ಟಿ, ಬಟ್ಟೆಯ ಕ್ಲಿಪ್ ಹಾಕಿ ಎಲ್ಲರ ಚಿತ್ರ ತೂಗುಹಾಕಿ ಮನೆಯವರನ್ನು ಕರೆಯುವುದು.

ಕರೆಂಟು ಹೋಗುವ ದಿನಕ್ಕೆ ಅಂತ ಒಂದು ಚೀಲ ಸಿದ್ಧವಿರಲಿ: ಹಳೆ ಪೇಪರ್, ಅಂಟು, ಜೀನ್ಸ್ ತುಂಡು. ಕಿಟಕಿ ಪಕ್ಕ ಕೂತು ಹರಿದು ಅಂಟಿಸುವ ಕೆಲಸಕ್ಕೆ ಮಂದ ಬೆಳಕೂ ಸಾಕು.

ಹಂತ 8: ಮಣ್ಣಿನ ಕೆಲಸ

ಜಾಸ್ತಿ ಕೇಳುವ ಪ್ರಶ್ನೆ ಇದೇ: "ಮಾಡಿದ್ದೆಲ್ಲ ಸೀಳಿ ಹೋಗ್ತಾವು, ಯಾಕ್ರೀ?" ಹೊಲದ ಎರೆಮಣ್ಣನ್ನು ಹಾಗೇ ತಂದಿರುತ್ತೀರಿ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಅಷ್ಟೇ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆಹೊಲ ಬಾಯಿ ಬಿಡುತ್ತದಲ್ಲ, ಮಗು ಮಾಡಿದ ಎತ್ತಿನಲ್ಲೂ ಅದೇ ಆಗುತ್ತದೆ.

ಕುಂಬಾರರ ಹತ್ತಿರ ಹದ ಮಾಡಿದ ಮಣ್ಣು ಕೊಂಡುಕೊಳ್ಳಿ. ಸಿಗದಿದ್ದರೆ ಕೆರೆಯ ಜೇಡಿಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೀರಲ್ಲಿ ಎರಡು ದಿನ ನೆನೆಸಿ. ಐದು ಪಾಲು ಮಣ್ಣಿಗೆ ಒಂದು ಪಾಲು ಸಣ್ಣ ಮರಳು ಸೇರಿಸಿ. ನೆನೆಸಿ ಹಿಂಡಿದ ಕಾಗದದ ತಿರುಳು ಹಿಡಿಯಷ್ಟು ಹಾಕಿದರೆ ಸೀಳು ಇನ್ನೂ ಕಡಿಮೆ. ಹದ ನೋಡಲು ಬೆರಳು ದಪ್ಪದ ಬತ್ತಿ ಹೊಸೆದು ಬೆರಳಿಗೆ ಸುತ್ತಿ. ಬಿರುಕು ಬಿಟ್ಟರೆ ನೀರು ಕಡಿಮೆ, ಕೈಗೆ ಮೆತ್ತಿದರೆ ಜಾಸ್ತಿ.

ಕಾಲು, ಕೊಂಬು ಕಳಚಿ ಬೀಳುವುದಕ್ಕೆ ಕಾರಣ ಬೇರೆ. ಸುಮ್ನೆ ಒತ್ತಿ ಅಂಟಿಸಿದರೆ ಒಣಗಿದಾಗ ಬಿಟ್ಟುಕೊಳ್ಳುತ್ತದೆ. ಕೂಡುವ ಎರಡೂ ಕಡೆ ಕಡ್ಡಿಯಿಂದ ಗೀರಬೇಕು, ಅದೇ ಮಣ್ಣಿನ ತೆಳು ಕೆಸರು ಹಚ್ಚಬೇಕು, ಆಮೇಲೆ ಒತ್ತಿ ಸುತ್ತ ಸವರಬೇಕು. ಒಣಗಿಸುವುದು ನೆರಳಲ್ಲಿ, ಮೊದಲ ದಿನ ಒದ್ದೆ ಬಟ್ಟೆ ಮುಚ್ಚಿ. ಬಿಸಿಲಿಗಿಟ್ಟರೆ ಹೊರಗೆ ಒಣಗಿ ಒಳಗೆ ಹಸಿಯಾಗಿ ಉಳಿದು ಒಡೆಯುತ್ತದೆ.

ಕೆಲಸ ಮುಗಿದ ಮೇಲೆ ಒಣ ಪೊರಕೆ ಹಿಡಿಯಬೇಡಿ. ನುಣ್ಣನೆ ಧೂಳು ಎದ್ದು ಎಲ್ಲರ ಎದೆಗೆ ಹೋಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ.

ಹಂತ 9: ದೊಡ್ಡವರನ್ನು ಉಳಿಸಿಕೊಳ್ಳುವುದು

ಲೆಕ್ಕ ನೋಡಿದಿರಲ್ಲ, ಅವರಿಲ್ಲದೆ ಶಾಲೆ ನಡೆಯುವುದಿಲ್ಲ. ಅವರು ಬಿಡುವ ಕಾರಣವೂ ಬೇರೆ. ಮಗುವಿಗೆ ಬೇಸರವಾಗುತ್ತದೆ, ದೊಡ್ಡವರಿಗೆ ನಾಚಿಕೆಯಾಗುತ್ತದೆ. "ನನಗ ಕೈ ಓಡಂಗಿಲ್ರೀ, ಮಗಳನ್ನ ಬಿಡಾಕ ಬಂದೀನಿ ಅಷ್ಟ" ಅನ್ನುವ ತಾಯಿಗೆ ಬಾಗಿಲ ಹತ್ತಿರವೇ ಒಂದು ಹಾಳೆ, ಪೆನ್ಸಿಲ್ ಇಟ್ಟಿರಿ. ಒತ್ತಾಯ ಬೇಡ. ನಮ್ಮ ದೊಡ್ಡವರ ಬ್ಯಾಚಿನ ಅರ್ಧ ಜನ ಹಾಗೇ ಸೇರಿದವರು.

ಮನೆಯಲ್ಲಿರುವ ಹೆಣ್ಣುಮಕ್ಕಳಿಗೆ ವಾರದ ದಿನ ಬೆಳಿಗ್ಗೆ ಹನ್ನೊಂದರಿಂದ ಒಂದರವರೆಗೆ ಹೊಂದುತ್ತದೆ. ನೌಕರಿಯವರಿಗೆ ಭಾನುವಾರ ಬೆಳಿಗ್ಗೆ ಏಳು. ನಾಟಿ ಮತ್ತು ಕೊಯ್ಲಿನ ವಾರಗಳಲ್ಲಿ ಹಾಜರಿ ಇಳಿಯುವುದು ಸಹಜ, ಆ ವಾರಗಳನ್ನು ಮೊದಲೇ ರಜೆ ಅಂತ ಗುರುತಿಸಿ.

ಮೊಬೈಲ್ ಫೋಟೋ ನೋಡಿ ದೇವರ ಮುಖವನ್ನೋ ಮೊಮ್ಮಗಳ ಮುಖವನ್ನೋ ಬರೆಯಬೇಕು ಅಂತ ಮೊದಲ ದಿನವೇ ಕೇಳುತ್ತಾರೆ. ಮುಖದಲ್ಲಿ ಕೂದಲೆಳೆ ತಪ್ಪಿದರೂ ಕಾಣುತ್ತದೆ, ಎರಡನೇ ವಾರಕ್ಕೆ ಸೋತು ಬಿಡುತ್ತಾರೆ. ಗಡಿಗೆ, ಬದನೆಕಾಯಿ, ಕಂದೀಲಿನಿಂದ ಶುರು ಮಾಡಿ. ನಾಲ್ಕು ವಾರದಲ್ಲಿ ಒಂದಾದರೂ ಮುಗಿದು ಗೋಡೆಗೆ ಹೋಗಬೇಕು. ಜಲವರ್ಣ ಮಾಡುವಾಗ ಬೋರ್‌ವೆಲ್ಲಿನ ಗಡುಸು ನೀರಿನಲ್ಲಿ ಬಣ್ಣ ಕಾಳುಕಾಳಾಗಿ ಕೂರುತ್ತಿದ್ದರೆ ಕುಡಿಯುವ ಫಿಲ್ಟರ್ ನೀರು ಕೊಟ್ಟು ನೋಡಿ.

ಕಿನ್ನಾಳದ ಕಲಾವಿದರನ್ನೋ ತೊಗಲುಗೊಂಬೆ ಆಡಿಸುವವರನ್ನೋ ಒಂದು ದಿನ ಕರೆಸುವುದು ಬಹಳ ಒಳ್ಳೆಯದು. ಆದರೆ ಶಾಲು ಹೊದಿಸಿ ಕಳಿಸಬೇಡಿ. ಅವರ ಒಂದು ದಿನದ ದುಡಿಮೆ, ಬಸ್ಸಿನ ಖರ್ಚು, ಸಾಮಾನಿನ ಬೆಲೆ ಮೂರನ್ನೂ ಮೊದಲೇ ಮಾತಾಡಿ ಅದೇ ದಿನ ಕೈಗೆ ಕೊಡಿ.

ಹಂತ 10: ನೋಂದಣಿ ಮತ್ತು ಪರೀಕ್ಷೆ

ಮೊದಲ ಎಂಟು ವಾರ ದಾಟುವವರೆಗೆ ನೋಂದಣಿಗೆ ಓಡಾಡಬೇಡಿ. ಆಮೇಲೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಬಹುದು. ಕನಿಷ್ಠ ಏಳು ಮಂದಿ ಸದಸ್ಯರು ಬೇಕು. ಪ್ರತಿ ವರ್ಷ ಸಭೆ, ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ಸಲ್ಲಿಸಬೇಕು. ಅದನ್ನು ಮರೆತರೆ ಮುಂದೆ ಅನುದಾನಕ್ಕೆ ಅರ್ಜಿ ಹಾಕುವಾಗ ಸಿಕ್ಕಿಕೊಳ್ಳುತ್ತೀರಿ. ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿಗೆ ಒಮ್ಮೆ ಹೋಗಿ ಪರಿಚಯ ಮಾಡಿಕೊಳ್ಳಿ.

ಸರ್ಕಾರದ ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆ ಕಟ್ಟಿಸುತ್ತೀರಾ ಅಂತ ಪೋಷಕರು ಕೇಳಿಯೇ ಕೇಳುತ್ತಾರೆ. ಬೇಕಾದವರಿಗೆ ಬೇರೆ ದಿನ, ಬೇರೆ ಬ್ಯಾಚ್ ಮಾಡಿ. ಎಲ್ಲರ ಕ್ಲಾಸನ್ನೂ ಪರೀಕ್ಷೆಯ ತಯಾರಿ ಮಾಡಿದರೆ ಅದು ಇನ್ನೊಂದು ಟ್ಯೂಷನ್ ಆಗಿಬಿಡುತ್ತದೆ.

ಹಂತ 11: ಎಚ್ಚರಿಕೆಯ ಲಕ್ಷಣಗಳು

ಮಕ್ಕಳು ಚಿತ್ರವನ್ನು ಮನೆಗೆ ಒಯ್ಯದೆ ಬಿಟ್ಟು ಹೋಗುತ್ತಿದ್ದಾರೆಯೇ? ಇದು ಮೊದಲ ಲಕ್ಷಣ. ಆ ಚಿತ್ರ ತನ್ನದು ಅಂತ ಮಗುವಿಗೆ ಅನಿಸಿಲ್ಲ. ಹನ್ನೆರಡು ಹಾಳೆಯಲ್ಲೂ ಎರಡು ಗುಡ್ಡ, ನಡುವೆ ಸೂರ್ಯ, ಒಂದು ಮನೆ ಕಂಡರೆ ಟೀಚರ್ ಬೋರ್ಡಿನ ಮೇಲೆ ಬರೆದು ನಕಲು ಮಾಡಿಸುತ್ತಿದ್ದಾರೆ. ಅದೇ ವಾರ ಕೂತು ಮಾತಾಡಿ. ಒಂದು ಮಗು ಸತತ ಎರಡು ವಾರ ಬರಲಿಲ್ಲವೆಂದರೆ ಮೆಸೇಜ್ ಹಾಕಿ ಸುಮ್ಮನಾಗಬೇಡಿ, ಮನೆಗೆ ಹೋಗಿ. ಆ ಮನೆಯಲ್ಲಿ ಯಾರೋ ಆಸ್ಪತ್ರೆಯಲ್ಲಿರಬಹುದು, ಸೈಕಲ್ ಕೆಟ್ಟಿರಬಹುದು, ಫೀ ಕೊಡಲಾಗದೆ ಸಂಕೋಚವಿರಬಹುದು. ಮೂರಕ್ಕೂ ದಾರಿ ಇದೆ, ಗೊತ್ತಾದರೆ ಮಾತ್ರ.

ಹಂತ 12: ವರ್ಷದ ಪ್ರದರ್ಶನ

ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಊರೇ ತುಂಬುತ್ತದೆ, ಅಲ್ಲೇ ಒಂದು ಮಳಿಗೆ ಹಾಕೋಣ ಅನಿಸುತ್ತದೆ. ನನ್ನ ಮಾತು ಕೇಳಿ, ಜಾತ್ರೆ ಮುಗಿದು ಎರಡು ವಾರ ಬಿಟ್ಟು ಒಂದು ಭಾನುವಾರ ಮಾಡಿ. ಜಾತ್ರೆಯಲ್ಲಿ ನಿಮಗೆ ನೆರವಾಗುವವರೆಲ್ಲ ದಾಸೋಹದ ಕೆಲಸದಲ್ಲಿರುತ್ತಾರೆ, ಆ ಜನ ಸಂದಣಿಯಲ್ಲಿ ಮಕ್ಕಳನ್ನು ಕಾಯುವುದೂ ಕಷ್ಟ.

ಚಿತ್ರಗಳನ್ನು ಗೋಡೆಗೆ ಅಂಟಿಸಬೇಡಿ, ತೆಗೆಯುವಾಗ ಹರಿಯುತ್ತವೆ. ಹಗ್ಗ ಮತ್ತು ಕ್ಲಿಪ್ ಸಾಕು. ಮಕ್ಕಳ ಚಿತ್ರ ಮಕ್ಕಳ ಕಣ್ಣೆತ್ತರಕ್ಕೆ ಇರಲಿ, ದೊಡ್ಡವರು ಬಗ್ಗಿ ನೋಡಲಿ. ಪ್ರತಿಯೊಬ್ಬರದೂ ಒಂದಾದರೂ ಇರಬೇಕು, ಯಾವುದು ಅನ್ನುವುದನ್ನು ಬರೆದವರೇ ಆರಿಸಲಿ. ಬಹುಮಾನ ಬೇಡ. ಒಬ್ಬರಿಗೆ ಕಪ್ ಕೊಟ್ಟ ವರ್ಷ ಉಳಿದವರಲ್ಲಿ ಎಷ್ಟು ಮಂದಿ ಜೂನ್‌ಗೆ ಬರಲಿಲ್ಲ ಅಂತ ನಮ್ಮ ಹಾಜರಿ ಪುಸ್ತಕದಲ್ಲಿ ಈಗಲೂ ಇದೆ.

ಸಂಜೆ ಚಿತ್ರಗಳನ್ನು ಇಳಿಸುವಾಗ ಪ್ರತಿ ಹಾಳೆಯ ಹಿಂದೆ ಹೆಸರು, ವಯಸ್ಸು, ತಾರೀಖನ್ನು ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಮುಂಭಾಗಕ್ಕೆ ಇಳಿಯುತ್ತದೆ. ಬರೆದಾದ ಮೇಲೆ ಅಲ್ಲೇ, ಅವತ್ತೇ, ಅವರವರ ಕೈಗೆ ಕೊಟ್ಟು ಕಳಿಸಿ.